ಹರಕೆ ಗಂಡನದು, ಮುಡಿ ಹೆಂಡತಿಯದು

ವಿರೂಪಾಕ್ಷಮ್ಮ: ಇದೇನ್ರೀ ಈ ಚೀಲದಾಗ? ಖಣ, ಹಸಿರು ಬಳಿ, ಕುಂಕುಮ, ಟೆಂಗಿನಕಾಯಿ. ಹೊಳಿ ದಂಡಿ ಮ್ಯಾಲಿನ ಕಲ್ಲಿಗೆ ಉಡಿ ತುಂಬಾಕ ಹೊಂಟೀರೇನು?

ಕರಿಬಸಪ್ಪ: ಚೀಲ ಮುಚ್ಚು. ಧೂಳ ಬೀಳತೈತಿ.

ವಿರೂಪಾಕ್ಷಮ್ಮ: ಅಕ್ಬರಾ, ಎಡಕ್ಕ ತಿರುವು.

ಕರಿಬಸಪ್ಪ: ಅಕ್ಬರಾ, ಸೀದಾ ಹೊಡಿ.

ವಿರೂಪಾಕ್ಷಮ್ಮ: ಎಡಕ್ಕ ಅಂದೆ.

ಗಂಗಾವತಿ ದಾಟುವ ಹೊತ್ತಿಗೆ ಸಿಗುವ ಸರ್ಕಲ್ಲು ಅದು. ಎಡಕ್ಕೆ ಹೊರಳಿದರೆ ಆನೆಗೊಂದಿ, ನೇರ ಹೋದರೆ ಕೊಪ್ಪಳದ ದಾರಿ ಹಿಡಿದು ಹುಲಿಗೆಮ್ಮನ ಗುಡಿಯ ಹುಲಿಗಿ. ಅಕ್ಬರ ಬಹಳ ವರ್ಷದಿಂದ ಆಟೋ ಓಡಿಸಿಕೊಂಡು ಬಂದವನು. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಎರಡು ದಿಕ್ಕು ಹೇಳಿದರೆ ಯಾರ ಮಾತನ್ನೂ ಕೇಳಬಾರದೆಂಬ ಬುದ್ಧಿ ಅವನಿಗಿತ್ತು. ಎಡಕ್ಕೂ ಹೋಗದೆ, ನೇರಕ್ಕೂ ಹೋಗದೆ, ರಸ್ತೆ ಬದಿಯ ಮಿರ್ಚಿ ಬಂಡಿಯ ಪಕ್ಕ ಗಾಡಿ ನಿಲ್ಲಿಸಿ, ಜಗಳ ಮುಗಿದಾಗ ಕರೆಯಿರಿ ಎಂದು ಹೇಳಿ ಕೆಳಗಿಳಿದ.

ವಿರೂಪಾಕ್ಷಮ್ಮನಿಗೆ ಕ್ಯಾನ್ಸರ್. ಈ ಮಾತನ್ನು ಪಿಸುದನಿಯಲ್ಲಿ ಆಡಬೇಕೆಂದು ಓಣಿಯವರ ತೀರ್ಮಾನ. ಆಕೆ ಮಾತ್ರ ಸಂತೆಯಲ್ಲಿ ಬದನೆಕಾಯಿ ದರ ಕೇಳುವ ದನಿಯಲ್ಲೇ ಹೇಳುತ್ತಾಳೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಔಷಧದ ಒಂದು ಸುತ್ತು ಮುಗಿದಿತ್ತು. ಇನ್ನೊಂದು ಸುತ್ತು ಸುರುವಾಗುವ ಮೊದಲು ಮೈಗೆ ಬಿಡುವು ಬೇಕು, ಉಂಡು ತಿಂದು ತಿರುಗಾಡಿ ಬರಲಿ ಎಂದು ಡಾಕ್ಟರಮ್ಮ ಮನೆಗೆ ಕಳಿಸಿದ್ದರು. ಈ ಬಿಡುವಿನಲ್ಲಿ ಆಕೆಯ ನಾಲಿಗೆಗೆ ರುಚಿ ತಿರುಗಿ ಬಂತು, ಕಾಲಿಗೆ ಕಸುವು ಬಂತು. ಎಲ್ಲಕ್ಕಿಂತ ದೊಡ್ಡ ಸುದ್ದಿಯೆಂದರೆ ಬೋಳಾಗಿದ್ದ ತಲೆಯ ಮೇಲೆ ಕೂದಲು ಬಂತು. ಆನೆಗೊಂದಿಗೆ ಹೋಗಬೇಕು, ತಲೆಗೆ ಕಟ್ಟಿದ ಅರಿವೆ ಬಿಚ್ಚಿ ಹೊಳೆಯ ಗಾಳಿಗೆ ಕೂಡಬೇಕು, ಹರಿಗೋಲು ಹತ್ತಬೇಕು, ಬಿಸಿ ಮಿರ್ಚಿ ತಿನ್ನಬೇಕು. ಇಷ್ಟೇ ಆಕೆಯ ಆಸೆ. ಗಂಡ ಹೂಂ ಅಂದಿದ್ದ. ಅಷ್ಟು ಬೇಗ ಹೂಂ ಅಂದಾಗಲೇ ಆಕೆಗೆ ಅನುಮಾನ ಬರಬೇಕಿತ್ತು.

ವಿರೂಪಾಕ್ಷಮ್ಮ: ಹುಲಿಗಿಗೆ ಹೊಂಟೀನಿ ಅಂತ ಮನ್ಯಾಗ ಯಾಕ ಹೇಳಲಿಲ್ಲ?

ಕರಿಬಸಪ್ಪ: ಹೇಳಿದ್ರ ನೀ ಗಾಡಿ ಹತ್ತತಿದ್ದಿಲ್ಲ.

ವಿರೂಪಾಕ್ಷಮ್ಮ: ಯಾಕ ಹತ್ತತಿದ್ದಿಲ್ಲ? ಹುಲಿಗೆಮ್ಮ ನನಗ ವೈರಿಯೇನು? ಕೈ ಮುಗದು, ಉಡಿ ತುಂಬಿ, ಹಂಗ ಸಾಣಾಪುರದ ಮ್ಯಾಲೆ ಆನೆಗೊಂದಿಗೆ ಹೋದ್ರಾತು.

ಕರಿಬಸಪ್ಪ: ಉಡಿ ತುಂಬೂದಷ್ಟ ಅಲ್ಲ.

ವಿರೂಪಾಕ್ಷಮ್ಮ: ಮತ್ತೇನು?

ಕರಿಬಸಪ್ಪ: ಮುಡಿ ಕೊಡೂದೈತಿ.

ವಿರೂಪಾಕ್ಷಮ್ಮ: ಯಾರ ಮುಡಿ?

ಕರಿಬಸಪ್ಪ: ನಿಂದು.

ವಿರೂಪಾಕ್ಷಮ್ಮನ ಎರಡೂ ಕೈ ತಲೆಯ ಮೇಲೆ ಹೋದವು. ಗದ್ದೆಯಲ್ಲಿ ಹಕ್ಕಿ ಇಳಿದಾಗ ಕಾವಲುಗಾರ ಓಡುವಷ್ಟು ಬೇಗ ಹೋದವು.

ಇಲ್ಲಿ ಕರಿಬಸಪ್ಪನ ತಲೆಯ ವಿಷಯವನ್ನೂ ಹೇಳಿಬಿಡಬೇಕು. ಅವನು ಗಂಗಾವತಿಯ ಅಕ್ಕಿ ದಲ್ಲಾಳಿ. ಅರವತ್ತು ದಾಟಿದರೂ ತಲೆ ತುಂಬ ಕೂದಲು. ಅದಕ್ಕೆ ತಪ್ಪದೆ ಕರಿ ಬಣ್ಣ ಹಚ್ಚಿ, ಹಿಂದಕ್ಕೆ ಬಾಚಿ, ಜೇಬಿನಲ್ಲಿ ಬಾಚಣಿಕೆ ಇಟ್ಟುಕೊಂಡೇ ಮಾರ್ಕೆಟ್ಟಿಗೆ ಇಳಿಯುತ್ತಿದ್ದ. ಗಿರಣಿಯವರು ಬೆನ್ನ ಹಿಂದೆ ಅವನನ್ನು ಹೀರೋ ದಲ್ಲಾಳಿ ಅನ್ನುವುದು ಅವನಿಗೆ ಗೊತ್ತಿತ್ತು. ಹಾಗೆ ಅನ್ನಬೇಡಿ ಎಂದು ಅವನು ಯಾರಿಗೂ ಹೇಳಿದ್ದಿಲ್ಲ. ಈಗಲೂ, ಹೆಂಡತಿಯ ಮುಡಿಯ ಮಾತಾಡುತ್ತಲೇ, ಅಕ್ಬರನ ಕನ್ನಡಿಯಲ್ಲಿ ನೋಡಿಕೊಂಡು ಗಾಳಿಗೆ ಕೆದರಿದ ತನ್ನ ಕೂದಲನ್ನು ಒಮ್ಮೆ ಬಾಚಿಕೊಂಡ.

ವಿರೂಪಾಕ್ಷಮ್ಮ: ಯಾವಾಗ ಹೊತ್ತೀರಿ ಈ ಹರಕಿ?

ಕರಿಬಸಪ್ಪ: ಹುಬ್ಬಳ್ಯಾಗ ನಿನ್ನ ಮೊದಲ್ನೇ ದಿನ ಒಳಗ ಕರಕೊಂಡು ಹೋದ್ರಲ್ಲ, ಆವಾಗ.

ವಿರೂಪಾಕ್ಷಮ್ಮ: ನನ್ನ ಕೇಳಿದ್ರೇನು?

ಕರಿಬಸಪ್ಪ: ನೀ ಒಳಗಿದ್ದೆಲ್ಲ.

ವಿರೂಪಾಕ್ಷಮ್ಮ: ಹೊರಗ ಬಂದ ಮ್ಯಾಲೆ?

ಕರಿಬಸಪ್ಪ: ಆವಾಗ ಕೂದಲ ಉದುರಾಕ ಹತ್ತಿತು. ಇಲ್ಲದ್ದನ್ನ ಏನಂತ ಕೇಳೂದು?

ವಿರೂಪಾಕ್ಷಮ್ಮ: ಇಲ್ಲದಾಗ ಕೇಳಲಿಲ್ಲ, ಬಂದ ಮ್ಯಾಲೆ ಕದ್ದು ಒಯ್ಯಾಕ ಹೊಂಟೀರಿ. ಇದು ಮುಡಿಯೇನ್ರೀ? ಬೆರಳಿಗೆ ಸಿಗವಲ್ದು.

ಕರಿಬಸಪ್ಪ: ಅಮ್ಮ ಅಳತಿ ನೋಡೂದಿಲ್ಲ. ಭಕ್ತಿ ನೋಡತಾಳ.

ವಿರೂಪಾಕ್ಷಮ್ಮ: ಹಂಗಾದ್ರ ಭಕ್ತಿ ಕೊಡ್ರಿ. ಕೂದಲ ಯಾಕ?

ಅಕ್ಬರ ಕೈಯಲ್ಲಿ ಕಾಗದದ ತುಂಡು ಹಿಡಿದುಕೊಂಡು ಬಂದ. ಅದರ ಮೇಲೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ.

ಅಕ್ಬರ: ಅಕ್ಕಾರ, ಒಂದು ತಿನ್ರಿ. ಬಿಸಿ ಅದಾವ.

ಕರಿಬಸಪ್ಪ: ಬ್ಯಾಡ. ಡಾಕ್ಟರು ಬ್ಯಾಡ ಅಂದಾರ.

ವಿರೂಪಾಕ್ಷಮ್ಮ: ಬಿಸಿ ಇದ್ದದ್ದು, ಬಾಯಿಗೆ ಹತ್ತಿದ್ದು ತಿನ್ಲಿ ಅಂತ ಡಾಕ್ಟರಮ್ಮ ನನ್ನ ಮುಂದನ ಹೇಳ್ಯಾರ.

ಡಾಕ್ಟರು ಬ್ಯಾಡ ಅಂದಾರ ಎಂಬುದು ಕರಿಬಸಪ್ಪನ ಬಾಯಿಪಾಠ. ಉಪ್ಪಿನಕಾಯಿ ಕೇಳಿದರೆ ಅದೇ ಮಾತು. ಪಕ್ಕದ ಮನೆಯ ಖಾಜಾಬೀ ಜೊತೆ ಕಟ್ಟೆಯ ಮೇಲೆ ಕೂತು ನಗುವುದಕ್ಕೂ ಅದೇ ಮಾತು. ಆ ಡಾಕ್ಟರಮ್ಮ ಕೇಳಿದ್ದರೆ ತಾನು ಇಷ್ಟೆಲ್ಲ ಯಾವಾಗ ಹೇಳಿದೆ ಎಂದು ಗಾಬರಿಯಾಗುತ್ತಿದ್ದರು. ಅಕ್ಬರ ಇಬ್ಬರ ಮುಖವನ್ನೂ ನೋಡಿ, ಮಿರ್ಚಿಯನ್ನು ತಾನೇ ಕಚ್ಚಿ, ಜಗಳ ನೋಡಲು ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತ.

ಕರಿಬಸಪ್ಪ: ಇಲ್ಲಿ ಕೇಳು. ಇದು ಹೊಸದಾಗಿ ಹುಟ್ಟಿದ ಕೂದಲ. ಕೂಸಿನ ಜವಳ ಇದ್ದಂಗ. ಮೊದಲ ಹುಟ್ಟಿದ ಕೂದಲ ಯಾವಾಗ್ಲೂ ದೇವರದ.

ವಿರೂಪಾಕ್ಷಮ್ಮ: ಜವಳ ತಗೀಬೇಕಂದ್ರ ಸೋದರಮಾವನ ತೊಡಿ ಮ್ಯಾಲ ಕುಂದ್ರಬೇಕು. ನನ್ನ ಸೋದರಮಾವ ಯಾರು?

ಕರಿಬಸಪ್ಪ: ನಮ್ಮಪ್ಪ.

ವಿರೂಪಾಕ್ಷಮ್ಮ: ಎಲ್ಲೆ ಅದಾರ?

ಕರಿಬಸಪ್ಪ: ಪಡಸಾಲ್ಯಾಗ. ಫೋಟೋದಾಗ.

ವಿರೂಪಾಕ್ಷಮ್ಮ: ಫೋಟೋದ ತೊಡಿ ಮ್ಯಾಲ ಹೆಂಗ ಕುಂದ್ರೂದು, ನೀವ ಹೇಳ್ರಿ.

ಸೋದರಮಾವನ ಮಗನನ್ನೇ ಮದುವೆಯಾದವಳಿಗೆ ಇದೊಂದು ಅನುಕೂಲ. ಜಗಳಕ್ಕೆ ಸಾಕ್ಷಿ ಬೇಕೆಂದರೆ ಹೊರಗಿನ ಹಿರಿಯರನ್ನು ಹುಡುಕಬೇಕಾಗಿಲ್ಲ. ಅಪ್ಪನ ಹೆಸರು ಬಂದ ಕೂಡಲೇ ಕರಿಬಸಪ್ಪ ಜವಳದ ದಾರಿ ಬಿಟ್ಟು ತನಗೆ ಗೊತ್ತಿರುವ ದಾರಿಗೆ, ಅಂದರೆ ಅಕ್ಕಿಗೆ ಬಂದ.

ಕರಿಬಸಪ್ಪ: ಹೊಸ ಬೆಳಿ ಬಂದಾಗ ಮೊದಲ್ನೇ ಬುಟ್ಟಿ ದೇವರಿಗೆ ಕೊಡತಾರೋ ಇಲ್ಲೋ?

ವಿರೂಪಾಕ್ಷಮ್ಮ: ಹೊಸ ಅಕ್ಕಿ ಗಟ್ಟಿ ಇರೂದಿಲ್ಲ, ಅನ್ನ ಮುದ್ದಿ ಅಕ್ಕೈತಿ, ಹಳೇದು ಆಗೂತನ ಕೈ ಹಚ್ಚಬ್ಯಾಡ್ರಿ ಅಂತ ಗಿರಾಕಿಗೆ ದಿನಾ ಹೇಳವರು ಯಾರು?

ಅಕ್ಬರ: ಅದು ಖರೇ, ಅಣ್ಣಾರ. ನಮ್ಮ ಮನಿಗೂ ನೀವು ಹಂಗ ಹೇಳಿ ಹಳೇ ಸೋನಾಮಸೂರಿನ ಕೊಟ್ರಿ.

ಕರಿಬಸಪ್ಪ: ನೀ ಮಿರ್ಚಿ ತಿನ್ನು.

ಕರಿಬಸಪ್ಪ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಆಮೇಲೆ ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಹೊರಗೆ ತೆಗೆದ. ದನಿ ಸಣ್ಣದಾಗಿತ್ತು.

ಕರಿಬಸಪ್ಪ: ಮುಂದಿನ ಔಷಧಿ ಸುರು ಆತಂದ್ರ ಇದೂ ಉದುರತೈತಿ, ವಿರೂಪಾಕ್ಷಿ. ಡಾಕ್ಟರಮ್ಮ ಹೇಳ್ಯಾರ. ಒಮ್ಮೆ ಬಚ್ಚಲದಾಗ ಹರದು ಹೋತು, ಅಮ್ಮಗ ಸಲ್ಲಲಿಲ್ಲ. ಈ ಸಲಾನೂ ಹಂಗ ಆದ್ರ ಅಕಿ ಎರಡು ಸಲ ಮೋಸ ಹೋದಂಗಾತು. ಹೆಂಗೂ ಹೋಗೂದು. ಹೋಗೂಕಿಂತ ಮೊದಲ ಕೊಟ್ಟುಬಿಡೂಣು.

ವಿರೂಪಾಕ್ಷಮ್ಮ: ಹೆಂಗೂ ಬಾಡತೈತಿ ಅಂತ ಯಾರರ ಹೂವ ಮುಡಿಯೂದ ಬಿಡತಾರೇನು? ಉದುರತೈತಿ ಅಂತ ನನಗೂ ಗೊತ್ತೈತಿ. ಅದಕ್ಕ ಇವತ್ತು ಗಾಳಿಗೆ ಬಿಡಬೇಕು ಅಂತೀನಿ. ಹಿಂದ ಒಮ್ಮೆ ಹೋಗೇತಿ, ಮುಂದ ಒಮ್ಮೆ ಹೊಕ್ಕೈತಿ. ನಡುವ ಇದ್ದಷ್ಟು ದಿನ ಇದು ನನ್ನದಲ್ಲೇನು?

ಆದರೂ ಕರಿಬಸಪ್ಪನಿಗೆ ಹುಲಿಗೆಮ್ಮನ ಭಯ ಇತ್ತು. ಕೊಟ್ಟ ಮಾತು ತಪ್ಪಿದರೆ ಹೋದ ರೋಗ ಬಾಗಿಲು ಬಡಿಯುತ್ತದೆ ಎಂದು ಅವನ ಅಜ್ಜಿ ಹೇಳಿದ್ದು ಹೊಟ್ಟೆಯಲ್ಲಿ ಕೂತಿತ್ತು. ಇತ್ತ ವಿರೂಪಾಕ್ಷಮ್ಮ ಮಾತು ಮುಗಿಯಿತೆಂಬಂತೆ ಕೈಚೀಲದಿಂದ ಹೊಳೆಯುವ ದೊಡ್ಡ ಸ್ಟೀಲ್ ಡಬ್ಬಿ ತೆಗೆದು ಅಕ್ಬರನ ಕೈಗೆ ಕೊಟ್ಟಳು. ಒಳಗೆ ಮಂಡಕ್ಕಿ ಒಗ್ಗರಣೆ ಇದೆ, ಮೇಲೆ ಮಿರ್ಚಿ ಹಾಕಿಸಿಕೊಂಡು ಬಾ ಅಂದಳು.

ಕರಿಬಸಪ್ಪ: ಆ ಬಚ್ಚಲದ ಪಾಪನ ನನ್ನ ನಿದ್ದಿ ಕೆಡಸೈತಿ.

ವಿರೂಪಾಕ್ಷಮ್ಮ: ಬಚ್ಚಲಕ್ಕ ಯಾರು ಬಿಟ್ಟಾರ ಅದನ್ನ? ನಡಾ ದಾಟಿ ಇಳೀತಿತ್ತು ನನ್ನ ಜಡಿ. ಅಂಥಾದ್ದನ್ನ ಬಚ್ಚಲಕ್ಕ ಬಿಡಾಕ ನನಗ ತಲಿ ಕೆಟ್ಟೈತೇನು?

ಕರಿಬಸಪ್ಪ: ಮತ್ತ ಎಲ್ಲೈತಿ?

ವಿರೂಪಾಕ್ಷಮ್ಮ: ಅಕ್ಬರನ ಕೈಯಾಗ.

ಅಕ್ಬರ ಬೆಚ್ಚಿ ತನ್ನ ಕೈ ನೋಡಿಕೊಂಡ. ಕೈಯಲ್ಲಿ ಡಬ್ಬಿ ಬಿಟ್ಟರೆ ಬೇರೇನೂ ಇರಲಿಲ್ಲ.

ಈ ಸೀಮೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆ ಬಾಚಿದಾಗ ಬಂದ ಕೂದಲನ್ನು ಉಂಡೆ ಮಾಡಿ ಗೋಡೆ ಸಂದಿಯಲ್ಲಿ ಸಿಗಿಸಿಡುತ್ತಾರೆ. ಕೊಪ್ಪಳದ ಭಾಗ್ಯನಗರದ ಕಡೆಯಿಂದ ಕೂದಲು ಕೊಳ್ಳುವವರು ಓಣಿ ಓಣಿ ಕೂಗುತ್ತ ಬರುತ್ತಾರೆ. ಉಂಡೆ ಕೊಟ್ಟರೆ ಪಿನ್ನು, ಹೆಚ್ಚು ಕೊಟ್ಟರೆ ಪಾತ್ರೆ. ಔಷಧಕ್ಕೆ ಕೂದಲು ಹಿಡಿಹಿಡಿಯಾಗಿ ಕೈಗೆ ಬಂದಾಗ ವಿರೂಪಾಕ್ಷಮ್ಮ ಅತ್ತದ್ದು ನಿಜ. ಅಳುತ್ತಲೇ ಎಲ್ಲವನ್ನೂ ಒಟ್ಟು ಮಾಡಿ ಹಳೆಯ ದಿಂಬಿನ ಚೀಲದಲ್ಲಿ ಇಟ್ಟದ್ದೂ ನಿಜ.

ಕರಿಬಸಪ್ಪ: ದೇವರ ಮುಡಿ ಕೊಟ್ಟು ಡಬ್ಬಿ ತಗೊಂಡಿ?

ವಿರೂಪಾಕ್ಷಮ್ಮ: ದೇವರ ಮುಡಿ ಅಂತ ನನಗ ಯಾರು ಹೇಳಿದ್ರು? ಕೂದಲ ಕೊಳ್ಳಾಕಿ ಮೊದಲ ಬಟ್ಟಲದಂಥ ಸಣ್ಣ ವಾಟಗ ತೋರಿಸಿದಳು. ನಾ ಒಲ್ಲೆ ಅಂದೆ. ಎದ್ದು ಹೋದಳು, ತಿರುಗಿ ಬಂದಳು. ತಾಸೊತ್ತು ಚೌಕಾಸಿ ಮಾಡೀವಿ. ಮನಿಗೆ ಬಂದವರೆಲ್ಲ ಬ್ರೆಡ್ಡು, ಎಳನೀರು ಇಟ್ಟು, ಮಾರಿ ಸಣ್ಣದು ಮಾಡಿ ಹೋದರು. ಅಕಿ ಒಬ್ಬಾಕಿನ ನನ್ನ ಜೋಡಿ ಗಟ್ಟಿಮುಟ್ಟಾದಾಕಿ ಜೋಡಿ ಜಗಳಾಡಿದಂಗ ಜಗಳಾಡಿದಳು. ಆವತ್ತು ನಾ ಹೊಟ್ಟಿತುಂಬ ಉಂಡೀನಿ.

ಕರಿಬಸಪ್ಪ: ನಾ ದಿನಾ ಅಂಗಡಿಗೆ ರೊಟ್ಟಿ ಒಯ್ಯೂ ಡಬ್ಬಿ ಇದ.

ವಿರೂಪಾಕ್ಷಮ್ಮ: ಹೌದು. ಪಲ್ಯ ಸೋರೂದಿಲ್ಲ ಅಂತ ನೀವ ಹೊಗಳಿದ್ರಿ.

ಕರಿಬಸಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡ. ಇಷ್ಟು ದಿನ ಅಮ್ಮನ ಸೊತ್ತಿನಲ್ಲಿ ಬದನೆಕಾಯಿ ಪಲ್ಯ ಉಂಡಿದ್ದ. ಹಾಗಾದರೆ ಈ ಡಬ್ಬಿಯನ್ನೇ ಅಮ್ಮನಿಗೆ ಒಪ್ಪಿಸಿ ಬರೋಣ, ಲೆಕ್ಕ ಚುಕ್ತಾ ಆಗುತ್ತದೆ ಎಂದ. ಒಗ್ಗರಣೆ ತುಂಬಿದ ಎಂಜಲು ಡಬ್ಬಿಯನ್ನು ದೇವರಿಗೆ ಕೊಡುವ ಭಕ್ತರನ್ನು ತಾನು ಇವತ್ತೇ ನೋಡಿದ್ದು ಎಂದು ವಿರೂಪಾಕ್ಷಮ್ಮ ಅಂದಳು. ಖಾಲಿ ಮಾಡಿ ತೊಳೆದರೆ ಎಂದು ಅವನು ಕೇಳಿದ. ಖಾಲಿ ಮಾಡಬೇಕೆಂದರೆ ಆನೆಗೊಂದಿಗೆ ಹೋಗಬೇಕು ಎಂದು ಆಕೆ ಹೇಳಿದಳು. ಅಲ್ಲಿಗೆ ಜಗಳ ಮತ್ತೆ ಸರ್ಕಲ್ಲಿಗೇ ಬಂದು ನಿಂತಿತು.

ಅಕ್ಬರ: ಅಣ್ಣಾರ, ಸಣ್ಣಾವ ಒಂದು ಮಾತು ಹೇಳಲೇನು? ನಾ ಈ ಗಾಡಿ ಸಾಲಕ್ಕ ಅಡಾ ಇಡಬಹುದು. ಯಾಕಂದ್ರ ನಂದು. ನಮ್ಮ ಪಕ್ಕದ ಮನಿ ದುರುಗೇಶನ ಗಾಡಿ ಅವಗ ಕೇಳದ ಅಡಾ ಇಟ್ಟು ಬಂದ್ರ, ಗಾಡಿ ಯಾರು ಕೊಡಬೇಕು? ನಾನೋ ಅವನೋ?

ಕರಿಬಸಪ್ಪ: ನಿನ್ನ ಯಾರು ಕೇಳಿದ್ರು?

ವಿರೂಪಾಕ್ಷಮ್ಮ: ನಾ ಕೇಳೀನಿ. ಬೇಡಿಕೊಂಡವರು ಯಾರು? ನೀವು. ಬೇಡಿಕೊಂಡವರ ತಲಿ ಮ್ಯಾಲ ಕೂದಲ ಅದಾವೋ ಇಲ್ಲೋ? ಅದಾವ. ಕರ್ರಗ ಮಿಂಚತಾವ. ಕೊಡ್ರಿ ಹಂಗಾದ್ರ.

ಕರಿಬಸಪ್ಪನ ಕೈ ತನ್ನ ತಲೆಗೆ ಹೋಯಿತು. ಸ್ವಲ್ಪ ಹೊತ್ತಿನ ಹಿಂದೆ ಹೆಂಡತಿಯ ಕೈ ಹೋದಷ್ಟೇ ಬೇಗ ಹೋಯಿತು.

ಕರಿಬಸಪ್ಪ: ಅದು ಹಂಗ ಬದಲಿ ಮಾಡಾಕ ಬರೂದಿಲ್ಲ.

ವಿರೂಪಾಕ್ಷಮ್ಮ: ಯಾಕ ಬರೂದಿಲ್ಲ? ಅಷ್ಟು ಮಂದಿ ಭಕ್ತರಿರೂ ದೇವಿ, ಏನು ಕೇಳಿದ್ಲು ನಿಮಗ? ವಿರೂಪಾಕ್ಷಿ ಕೂದಲ ಬೇಕು, ಕರಿಬಸಪ್ಪಂದು ಬ್ಯಾಡ ಅಂದ್ಲೇನು?

ಕರಿಬಸಪ್ಪ: ಅಕಿ ಏನೂ ಕೇಳಲಿಲ್ಲ. ನಾನ ಅಂದೆ.

ವಿರೂಪಾಕ್ಷಮ್ಮ: ಹಂಗಾದ್ರ ನನ್ನ ಜಡೀನ ಯಾಕ ನೆನಪಾತು? ಬೆಳ್ಳಿ ತೊಟ್ಟಿಲ ಬೇಡಿಕೊತಾರ, ನೆಲಕ್ಕ ಉದ್ದಕ ಬೀಳೂ ದೀಡ ನಮಸ್ಕಾರ ಬೇಡಿಕೊತಾರ.

ಕರಿಬಸಪ್ಪ ತಲೆ ತಗ್ಗಿಸಿದ. ಮುಂದಿನ ಮಾತನ್ನು ಚೀಲದಲ್ಲಿದ್ದ ತೆಂಗಿನಕಾಯಿಗೆ ಹೇಳಿದ.

ಕರಿಬಸಪ್ಪ: ನಿನ್ನ ಒಳಗ ಒಯ್ದು ಬಾಗಲಾ ಹಾಕಿದ್ರು. ನನಗ ಕೈ ಕಾಲ ಆಡಲಿಲ್ಲ. ಇಕಿನ್ನ ಉಳಸಿಕೊಡು, ನನ್ನ ಕಡೆ ಇದ್ದದ್ದರಾಗ ಭಾಳ ಛಂದಿದ್ದದ್ದು ಕೊಡತೀನಿ ಅಂದೆ. ಏನೈತಿ ಛಂದಿದ್ದದ್ದು ಅಂತ ನೆನಸಿದೆ. ನಿನ್ನ ಜಡಿ ಬಿಟ್ಟು ಬ್ಯಾರೆ ಏನೂ ನೆನಪಿಗೆ ಬರಲಿಲ್ಲ.

ಮಿರ್ಚಿ ಬಂಡಿಯವನ ಎಣ್ಣೆ ಚುರ್ ಎನ್ನುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಜಡೆ ಚೆಂದವಿದೆ ಎಂದು ಈ ಮನುಷ್ಯ ಒಂದು ಸಲವೂ ಹೇಳಿರಲಿಲ್ಲ. ಹೇಳಿದ್ದು ಈಗ, ಜಡೆ ಡಬ್ಬಿಯಾದ ಮೇಲೆ, ಅದೂ ಅಕ್ಬರನ ಎದುರಿಗೆ. ವಿರೂಪಾಕ್ಷಮ್ಮನ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು, ಮಿರ್ಚಿ ಹೊಗೆ ಅಂದಳು.

ವಿರೂಪಾಕ್ಷಮ್ಮ: ಸೀದಾ ಹೊಡಿ, ಅಕ್ಬರಾ. ಹುಲಿಗಿಗೆ. ಕೊಡತೀನಿ.

ಕರಿಬಸಪ್ಪ: ನಿಂದ್ರು.

ಅವನು ಆಟೋದ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಜೇಬಿನಿಂದ ಬಾಚಣಿಕೆ ತೆಗೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ಹೊರಳಿಸಿ, ಮದುಮಗನಂತೆ ನಿಧಾನವಾಗಿ ತಲೆ ಬಾಚಿಕೊಂಡ. ಆಮೇಲೆ ಬಾಚಣಿಕೆಯನ್ನು ಅಕ್ಬರನಿಗೆ ಕೊಟ್ಟ.

ಕರಿಬಸಪ್ಪ: ಇದು ನಿನಗಿರ್ಲಿ. ನನಗಿನ್ನ ಸದ್ಯಕ್ಕ ಬೇಕಾಗೂದಿಲ್ಲ.

ಅಕ್ಬರ: ನಾ ಏನ್ ಮಾಡಲಿ ಅಣ್ಣಾರ?

ಅಕ್ಬರ ತಲೆಯ ಮೇಲಿನ ಟೋಪಿ ಎತ್ತಿ ತೋರಿಸಿದ. ಅಡಿಯಲ್ಲಿ ಹೊಳೆ ದಂಡೆಯ ಬಂಡೆಯಂತೆ ನುಣ್ಣಗಿತ್ತು.

ಹುಲಿಗಿಯಲ್ಲಿ ಆದದ್ದನ್ನು ಬೆಳೆಸಿ ಹೇಳುವುದಿಲ್ಲ. ವಾರದ ನಡುವಿನ ದಿನವಾದ್ದರಿಂದ ಜನ ಕಡಿಮೆ ಇದ್ದರು. ಮುಡಿ ತೆಗೆಯುವವನು ನೀರು ಹಚ್ಚಿ ಕರಿಬಸಪ್ಪನ ತಲೆ ತಿಕ್ಕಿದಾಗ ಹಿಂದಿನ ದಿನ ಹಚ್ಚಿದ್ದ ಕರಿ ಬಣ್ಣ ಕಿವಿಯ ಹಿಂದಿನಿಂದ ಇಳಿದು ಬನಿಯನ್ನಿನ ಮೇಲೆ ನಕ್ಷೆ ಬರೆಯಿತು. ಬಣ್ಣ ಹಚ್ಚಿದ್ದು ಅಮ್ಮನಿಗೆ ನಡೆಯುತ್ತದೋ ಇಲ್ಲವೋ ಎಂದು ಕರಿಬಸಪ್ಪ ಅಷ್ಟರಲ್ಲೂ ಕೇಳಿದ. ಕೆಲಸದವನು ಅವನ ಕತ್ತು ಬಗ್ಗಿಸಿದ. ವಿರೂಪಾಕ್ಷಮ್ಮ ಉಡಿ ತುಂಬಿ ಕೈ ಮುಗಿದು, ಇನ್ನು ಮುಂದೆ ತನ್ನ ತಲೆಯ ವ್ಯವಹಾರವೇನಿದ್ದರೂ ತನ್ನನ್ನೇ ಕೇಳಬೇಕು, ದಲ್ಲಾಳಿಗಳ ಮಾತು ನಂಬಬಾರದು ಎಂದು ದೇವಿಗೆ ಸ್ಪಷ್ಟವಾಗಿ ತಿಳಿಸಿದಳು. ತಿರುಗಿ ನೋಡಿದಾಗ ಗಂಡ ಅಂಗಳದಲ್ಲಿ ನಿಂತಿದ್ದ. ಬೋಳು ತಲೆಯಲ್ಲಿ ಅವನ ಕಿವಿ ಇಷ್ಟು ದೊಡ್ಡವೆಂದು ಆಕೆಗೆ ಗೊತ್ತೇ ಇರಲಿಲ್ಲ. ನಗಬಾರದು ಅಂದುಕೊಂಡಳು. ಸಾಣಾಪುರ ಬರುವತನಕ ನಕ್ಕಳು.

ಆನೆಗೊಂದಿಯ ಹೊಳೆ ದಂಡೆಯಲ್ಲಿ ಆಕೆ ತಲೆಯ ಅರಿವೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಹರಿಗೋಲಿನಲ್ಲಿ ಕೂತು ಆಚೆ ದಂಡೆಯ ತನಕ ಹೋಗಿ ಬಂದಳು. ಗಾಳಿ ಆ ಮೋಟು ಕೂದಲಿನಲ್ಲಿ ಆಡಿತು. ಹರಿಗೋಲು ಸುತ್ತುತ್ತಿದ್ದಾಗ ಕರಿಬಸಪ್ಪನಿಗೆ ತಲೆ ಸುತ್ತಿತು; ಇಳಿದ ಮೇಲೆ ಅವನು ಮರದ ನೆರಳಿನಲ್ಲಿ ಟವೆಲ್ ಹೊದ್ದು ಮುದುಡಿ ಕೂತ. ಅಕ್ಬರ ನೀರು ತರಲು ಹೋದ. ವಿರೂಪಾಕ್ಷಮ್ಮ ಬಂಡೆಯ ಮೇಲೆ, ಸರ್ಕಲ್ಲಿನ ಮಿರ್ಚಿ ಹಾಕಿಸಿದ್ದ ಡಬ್ಬಿ ತೆರೆದಳು.

ಅಲ್ಲಿಯೇ ಯಲಬುರ್ಗಾ ಕಡೆಯ ಮುದಕಮ್ಮ ಎಂಬ ಮುದುಕಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಆಚೆ ದಂಡೆಗೆ ಹೋಗುವ ಹರಿಗೋಲಿಗೆ ಕಾಯುತ್ತಿದ್ದಳು. ಮಗಳ ಮನೆಗೆ ಹೊರಟವಳು. ಆಕೆ ಬಹಳ ಹೊತ್ತು ಕರಿಬಸಪ್ಪನ ಬೋಳು ತಲೆ, ಬಾಡಿದ ಮುಖ, ಹೊದ್ದ ಟವೆಲ್ ನೋಡಿದಳು.

ಮುದಕಮ್ಮ: ಔಷಧಿ ನಡದೈತೇನವ್ವಾ?

ವಿರೂಪಾಕ್ಷಮ್ಮ: ನಡದೈತ್ರೀ. ಹುಬ್ಬಳ್ಯಾಗ. ಈಗ ಜರಾ ಬಿಡುವು ಕೊಟ್ಟಾರ.

ಮುದಕಮ್ಮ: ಮಾರಿ ನೋಡಿದ ಕೂಡ್ಲೆ ತಿಳೀತು. ನಮ್ಮ ಮೈದುನಗೂ ಹಿಂಗ ತಲಿ ಬೋಳಾಗಿತ್ತು. ಈಗ ಆರಾಮ ಅದಾನ, ಹೊಲಕ್ಕ ಹೊಕ್ಕಾನ.

ಹೀಗೆಂದವಳೇ ಎದ್ದು ಹೋಗಿ ಕರಿಬಸಪ್ಪನ ಪಕ್ಕ ಕೂತಳು. ವಿರೂಪಾಕ್ಷಮ್ಮನಿಗೆ ಆಗ ಅರ್ಥವಾಯಿತು. ಬಾಯಲ್ಲಿ ಮಿರ್ಚಿ ಇದ್ದುದರಿಂದ ನಗು ಮೂಗಿಗೆ ಹತ್ತಿತು.

ಕರಿಬಸಪ್ಪ: ಅವ್ವಾರ, ಹಂಗಲ್ರಿ. ನನಗೇನೂ ಆಗಿಲ್ಲ.

ವಿರೂಪಾಕ್ಷಮ್ಮ: ಅವರು ಹಿಂಗರೀ. ಕೇಳಿದವರಿಗೆಲ್ಲ ಏನೂ ಆಗಿಲ್ಲ ಅಂತಾರ.

ಮುದಕಮ್ಮ: ಮುಚ್ಚಿಡಬಾರದಪ್ಪಾ. ನಾ ನಿನ್ನ ತಾಯಿ ಇದ್ದಂಗ. ರಾತ್ರಿ ನಿದ್ದಿ ಬರತೈತೇನು?

ಕರಿಬಸಪ್ಪ ಬಾಯಿ ತೆರೆದ. ತನ್ನದು ಹರಕೆಯ ಬೋಳು, ರೋಗದ್ದಲ್ಲ ಎಂದು ಹೇಳಬೇಕಿತ್ತು. ಆದರೆ ಇಷ್ಟು ತಿಂಗಳಲ್ಲಿ ಮನೆಗೆ ಬಂದವರೆಲ್ಲ ಅಕ್ಕಾರು ಹೆಂಗದಾರ ಎಂದು ಕೇಳಿ, ನೀವು ಗಟ್ಟಿ ಇರಬೇಕ್ರಿ ಎಂದು ಹೇಳಿ ಹೋಗಿದ್ದರು. ನಿನಗೆ ನಿದ್ದೆ ಬರುತ್ತದೆಯೇ ಎಂದು ಒಬ್ಬರೂ ಕೇಳಿರಲಿಲ್ಲ.

ಕರಿಬಸಪ್ಪ: ಬರೂದಿಲ್ರಿ.

ಮುದಕಮ್ಮ: ಊಟ ಸೇರತೈತೇನು?

ಕರಿಬಸಪ್ಪ: ಮಂದಿ ಮುಂದ ಉಣ್ಣತೀನ್ರಿ. ಒಬ್ಬನ ಕುಂತಾಗ ಇಳಿಯೂದಿಲ್ಲ.

ಮುದಕಮ್ಮ: ಹೆದರಿಕಿ ಅಕ್ಕೈತೇನು?

ಕರಿಬಸಪ್ಪ: ಅಕ್ಕೈತ್ರಿ. ಭಾಳ ಅಕ್ಕೈತಿ.

ವಿರೂಪಾಕ್ಷಮ್ಮನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರ ಬಂದು ನಿಂತಿತು. ನಗು ಎಲ್ಲಿಗೋ ಹೋಯಿತು.

ಮುದಕಮ್ಮ: ಆಗಬೇಕಪ್ಪಾ. ಮನಷ್ಯಾಗ ಆಗಲಾರದ ಕಲ್ಲಿಗೆ ಅಕ್ಕೈತೇನು? ಹೆದರಿಕೋತ ಉಣ್ಣಬೇಕು, ಹೆದರಿಕೋತ ನಗಬೇಕು. ಹೆದರಿಕಿ ಹೋದ ಮ್ಯಾಲೆ ನಗತೀನಿ ಅನ್ನೂದು, ಹೊಳಿ ಹರದು ಮುಗದ ಮ್ಯಾಲೆ ದಾಟತೀನಿ ಅಂದಂಗ.

ಕರಿಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸಮಾಧಾನಕ್ಕೆಂದು ಡಬ್ಬಿಗೆ ಕೈ ಹಾಕಿ ಮಿರ್ಚಿ ಎತ್ತಿದ. ಮುದಕಮ್ಮ ಅದನ್ನು ಅವನ ಕೈಯಿಂದಲೇ ಕಸಿದು, ಈ ಮೈಯಲ್ಲಿ ಎಣ್ಣೆಯ ಪದಾರ್ಥವೇ ಎಂದು ಗದರಿ, ಬುಟ್ಟಿಯಿಂದ ಎರಡು ಬಾಳೆಹಣ್ಣು ಕೊಟ್ಟಳು. ಕಸಿದ ಮಿರ್ಚಿಯನ್ನು ತಾನೇ ತಿಂದಳು. ಆಮೇಲೆ ಆಕೆಯ ಕಣ್ಣು ವಿರೂಪಾಕ್ಷಮ್ಮನ ಮೋಟು ಕೂದಲಿನ ಮೇಲೆ ಬಿತ್ತು. ಮುದುಕಿಯ ಮುಖ ಅರಳಿತು.

ಮುದಕಮ್ಮ: ಅವ್ವಾ, ಗಂಡನ ಕೂದಲ ಹೋದವು ಅಂತ ನೀನೂ ಕತ್ತರಿಸಿಕೊಂಡಿಯೇನು? ಇಂಥಾ ಜೀವ ನಾ ಎಲ್ಲೂ ನೋಡಿಲ್ಲವ್ವಾ.

ವಿರೂಪಾಕ್ಷಮ್ಮ: ಏನ್ಮಾಡೂದ್ರೀ. ಹರಕಿ ಇತ್ತು. ಹೊತ್ತವರು ತಮ್ಮ ತಲೀನ ಕೊಡಬೇಕಲ್ಲ.

ಹರಿಗೋಲು ಬಂತು. ಮುದಕಮ್ಮ ಗಂಡ ಹೆಂಡತಿ ಇಬ್ಬರ ತಲೆಯನ್ನೂ ಸವರಿ, ಲಟಿಗೆ ಮುರಿದು, ಬುಟ್ಟಿ ಎತ್ತಿಕೊಂಡು ಹೋದಳು. ಬಂಡೆಯ ಮೇಲೆ ಇಬ್ಬರೇ ಉಳಿದರು.

ವಿರೂಪಾಕ್ಷಮ್ಮ: ಹೆದರಿಕಿ ಅಕ್ಕೈತಿ ಅಂತ ನನಗ ಯಾಕ ಹೇಳಲಿಲ್ಲ?

ಕರಿಬಸಪ್ಪ: ಪೇಶಂಟ್ ಮುಂದ ಹೆಂಗ ಹೇಳೂದು?

ವಿರೂಪಾಕ್ಷಮ್ಮ: ಈಗ ಪೇಶಂಟ್ ನೀವ. ಹೇಳ್ರಿ.

ಅವನು ಹೇಳಿದ. ದವಾಖಾನೆಯ ಬಾಗಿಲು ಮುಚ್ಚಿದ್ದು, ಆಕೆ ಮಲಗಿದಾಗ ಉಸಿರು ಕೇಳುತ್ತದೆಯೋ ಎಂದು ಕಿವಿ ಇಟ್ಟು ಕೂತದ್ದು, ಎಲ್ಲಕ್ಕೂ ಡಾಕ್ಟರು ಬ್ಯಾಡ ಅಂದಾರ ಎಂದದ್ದು ತನಗೆ ಬೇರೆ ಏನು ಮಾಡಬೇಕೆಂದು ಗೊತ್ತಾಗದೆ ಎಂಬುದು. ವಿರೂಪಾಕ್ಷಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಮದುವೆಯಾದಾಗಿನಿಂದ ಇದೇ ಮೊದಲು.

ವಿರೂಪಾಕ್ಷಮ್ಮ: ನನಗೂ ಅಕ್ಕೈತ್ರೀ. ಆದ್ರ ಇವತ್ತು ಆಗಿಲ್ಲ.

ಕರಿಬಸಪ್ಪ ಆಕೆಯ ತಲೆಯ ಕಡೆ ನೋಡಿದ. ಹೊಸ ಕೂದಲು ಬಂದಾಗಿನಿಂದ ಅವನು ಅದನ್ನು ಮುಟ್ಟಿರಲಿಲ್ಲ. ಹರಕೆಯ ಸೊತ್ತೆಂದು ಹೆದರಿದ್ದ.

ಕರಿಬಸಪ್ಪ: ಮುಟ್ಟಲೇನು?

ವಿರೂಪಾಕ್ಷಮ್ಮ: ಈ ಸಲ ಕೇಳಿದ್ರೆಲ್ಲ. ಮುಟ್ರಿ.

ಅವನು ಮುಟ್ಟಿದ. ಮಾರ್ಕೆಟ್ಟಿನಲ್ಲಿ ಅಕ್ಕಿಯ ಮಾದರಿ ನೋಡುವವನಂತೆ ಬೆರಳ ತುದಿಯಲ್ಲಿ ಹಿಡಿದು ನೋಡಿ, ಭಾಳ ಛಂದ ಐತಿ ಎಂದ. ಆಕೆ ತನ್ನ ಕೈಯನ್ನು ಅವನ ನುಣ್ಣನೆಯ ತಲೆಯ ಮೇಲೆ ಇಟ್ಟು ಹೊಳೆಯ ಕಡೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕರಿಬಸಪ್ಪನಿಗೆ ಹಸಿವಾಯಿತು. ಬಹಳ ದಿನದ ಮೇಲೆ ಆದ ನಿಜವಾದ ಹಸಿವು. ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಮಿರ್ಚಿಗೆ ಕೈ ನೀಡಿದ. ವಿರೂಪಾಕ್ಷಮ್ಮ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಬಾಳೆಹಣ್ಣನ್ನು ಅವನ ಮುಂದಕ್ಕೆ ಸರಿಸಿದಳು.

ವಿರೂಪಾಕ್ಷಮ್ಮ: ಡಾಕ್ಟರು ಬ್ಯಾಡ ಅಂದಾರ.